ಹುಳಿ ವಾಸನೆಯ ಗಿಟಾರ್

ಜೂನ್ 3, ಮಂಗಳವಾರ

ಎರಡೂ ಮುಕ್ಕಾಲು ಗಂಟೆ. ಟಣ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಗೋಡೆಯೊಳಗೆ ಯಾರೋ ನರಳಿದ ಹಾಗೆ ಗುಂಯ್ ಎಂದು ಇನ್ನೊಂದು. ದೀಪ ಹಾಕಿ ನೋಡಿದರೆ ಕಳ್ಳನೂ ಅಲ್ಲ, ಬೆಕ್ಕೂ ಅಲ್ಲ. ಮೊಳೆಗೆ ನೇತುಹಾಕಿರುವ ನನ್ನ ಗಿಟಾರಿನ ನಾಲ್ಕನೇ ತಂತಿ ತಾನಾಗಿ ಹರಿದಿದೆ. ಹರಿದ ತುದಿ ಹಲ್ಲಿಯ ಬಾಲದ ಹಾಗೆ ಇನ್ನೂ ಕುಣಿಯುತ್ತಿತ್ತು. ಮೈಯೆಲ್ಲ ಮುಳ್ಳೆದ್ದಿತು, ಹೇಸಿಗೆಯಿಂದ.

ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ನೋಡಿದೆ. ಉಸಿರಿದೆ. ಕೈ ತೊಳೆದು ಬಂದು ಮತ್ತೆ ನೋಡಿದೆ. ಇದೆ. ಅಷ್ಟು ದೊಡ್ಡ ಸದ್ದಿಗೂ ಅವಳ ರೆಪ್ಪೆ ಅಲುಗಿರಲಿಲ್ಲ, ಪುಣ್ಯವಂತೆ. ಆ ಹಾಳು ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿ ಎದ್ದಮೇಲೆ ಅವಳಿಗಾದರೂ ಒಳ್ಳೆ ನಿದ್ದೆ ಹತ್ತಿದೆ. ಅದಕ್ಕೆ ಮೊದಲು ಚಿಲಕ ತೆಗೆದರೂ ಬೆಚ್ಚಿ ಬೀಳುತ್ತಿದ್ದಳು. ರಾತ್ರಿ ಬಸ್ಸಿನಿಂದ ಫೋನ್ ಮಾಡಕೂಡದು, ಮಗು ಎದ್ದರೆ ನನ್ನ ಪ್ರಾಣ ಹೋಗುತ್ತೆ ಅಂತ ಆಗಲೇ ಇವರಿಗೆ ಕಟ್ಟಪ್ಪಣೆ ಮಾಡಿದ್ದೆ. ಇವರು ರಾತ್ರಿ ಬಸ್ಸಿನ ಡ್ರೈವರ್. ಒಂದು ರಾತ್ರಿ ಆ ಊರಿಗೆ, ಮರುರಾತ್ರಿ ಈ ಊರಿಗೆ. ನನ್ನ ಪಾಲಿಗೆ ಗಂಡ ಅಂದರೆ ದಿನ ಬಿಟ್ಟು ದಿನ ಬೆಳಗ್ಗೆ ಬಂದು ಸೋಫಾದ ಮೇಲೆ ಬಿದ್ದುಕೊಳ್ಳುವ ಒಂದು ಜೊತೆ ಕಾಲುಚೀಲದ ವಾಸನೆ.

ನಿದ್ದೆ ಬರದಿದ್ದರೆ ಕೂತು ಬರಿ ಎಂದಿದ್ದಾಳೆ ಅಕ್ಕ. "ಯಾರೂ ಓದಲ್ಲ, ಬಾಯಿಗೆ ಬಂದದ್ದೆಲ್ಲ ಬರಿ. ನನ್ನ ತಲೆ ತಿನ್ನೋದಾದರೂ ತಪ್ಪುತ್ತೆ." ಸರಿ, ಬರೆಯುತ್ತಿದ್ದೇನೆ. ನನ್ನ ಭುಜದ ಮೇಲೆ ಒಣಗಿದ ಹಾಲು ಚರ್ಮದ ಹಾಗೆ ಬಿರಿದಿದೆ. ಉಗುರಿನ ಸಂದಿಯಲ್ಲಿ ಏನೋ ಹಳದಿ. ಮಗು ಹುಟ್ಟುವ ತನಕ ಇದೇ ಬೆರಳುಗಳಿಂದ ನಾನು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಿದ್ದೆ ಅಂದರೆ ನನಗೇ ನಂಬಿಕೆ ಬರುವುದಿಲ್ಲ.

ಆ ಗಿಟಾರ್ ಇನ್ನು ನನಗೆ ಬೇಡ. ಕಳೆದ ತಿಂಗಳು ಧೂಳು ಒರೆಸೋಣ ಅಂತ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹೆಗಲ ಮೇಲಿದ್ದ ಮಹಾರಾಣಿ ಕುಡಿದ ಹಾಲನ್ನೆಲ್ಲ ಒಂದು ತೊಟ್ಟೂ ಆಚೆ ಚೆಲ್ಲದ ಹಾಗೆ ಅದರ ದುಂಡು ತೂತಿನೊಳಕ್ಕೆ ಕಕ್ಕಿದಳು, ಗುರಿಯಿಟ್ಟು ಹೊಡೆದ ಹಾಗೆ. ಒಳಗೆ ಕೈ ಹೋಗುವುದಿಲ್ಲ. ಕೋಲಿಗೆ ಬಟ್ಟೆ ಸುತ್ತಿ ಒರೆಸಿದೆ, ಸೋಡಾ ಪುಡಿ ಹಾಕಿ ಅಲ್ಲಾಡಿಸಿದೆ, ಬಿಸಿಲಿಗಿಟ್ಟೆ. ವಾಸನೆ ಹೋಗಲಿಲ್ಲ. ಇವರನ್ನು ಕೇಳಿದರೆ "ಯಾವ ವಾಸನೆ?" ಅನ್ನುತ್ತಾರೆ. ದಿನವೂ ಡೀಸೆಲ್ ಕುಡಿಯುವ ಮೂಗು ಅದು.

ಜೂನ್ 5, ಗುರುವಾರ

ಇವರು ಬೆಳಗ್ಗೆ ಬಂದವರು ಕಾಲುಚೀಲ ಕೂಡ ಬಿಚ್ಚದೆ ಮುಖ ಅರಳಿಸಿಕೊಂಡು ನಿಂತರು.

"ನಿನಗೊಂದು ಹೊಸ ಗಿಟಾರ್ ತಗೊಳ್ಳೋಣ ಕಣೇ."

"ಯಾಕೆ, ಇರೋ ಒಂದು ಗಬ್ಬು ಸಾಲದಾ?"

"ಅದಕ್ಕೇ ಹೇಳ್ತಿರೋದು. ಇದನ್ನ ಮುಟ್ಟಲ್ಲ ಅಂತೀಯ. ನಮ್ಮ ಮೇನ್ ರೋಡಿನ ಅಂಗಡಿಯವರು ಹಳೇದನ್ನ ಎಕ್ಸ್‌ಚೇಂಜಿಗೆ ತಗೋತಾರಂತೆ. ಬರೋದು ಯಾರ ಗಿಟಾರು ಗೊತ್ತಾ?"

ಗೊತ್ತಾಗದೆ ಏನು. ಇವರು ಸ್ಟೇರಿಂಗ್ ಹಿಡಿದು ತೂಕಡಿಸದಿರಲಿ ಅಂತ ರಾತ್ರಿಯೆಲ್ಲ ಹಾಕಿಕೊಳ್ಳುವುದು ಒಬ್ಬನೇ ಮಹಾನುಭಾವನ ವಾದನ. ಎಪ್ಪತ್ತು ದಾಟಿದ ಮುದುಕ. ನಾನೂ ಕಾಲೇಜಿನಲ್ಲಿ ಅವನನ್ನು ಕೇಳಿಯೇ ಕೈ ತಿದ್ದಿಕೊಂಡವಳು, ಸುಳ್ಳು ಯಾಕೆ ಹೇಳಲಿ. ಈಗ ಯಾವುದೋ ಕಂಪನಿಯವರು ಅವನಿಗೆಂದೇ ಮಾಡಿಕೊಟ್ಟ ಗಿಟಾರಿನ ಪಡಿಯಚ್ಚು ತೆಗೆದು ಊರಿಗೆಲ್ಲ ಮಾರುತ್ತಿದ್ದಾರೆ. ಕಿವಿ ಮಂದವಾದಮೇಲೆ ತನ್ನ ಸದ್ದು ತನಗೆ ನೇರ ಬರಲಿ ಅಂತ ಅವನು ಗಿಟಾರಿನ ಮೇಲ್ಪಕ್ಕೆಯಲ್ಲಿ ಇನ್ನೊಂದು ತೂತು ಕೊರೆಸಿಕೊಂಡನಂತೆ. ಅದೂ ಇದೆ. ಅದು ಸರಿ. ಆದರೆ ಇವರು ಫೋನಿನಲ್ಲಿ ತೋರಿಸಿದ ಆ ಫೋಟೋ! ಹೊಸ ಗಿಟಾರಿಗೆ ಅವನ ಗಿಟಾರಿನ ಕೊಳೆಯನ್ನೆಲ್ಲ ಕಾರ್ಖಾನೆಯಲ್ಲೇ ಹಚ್ಚಿ ಕಳಿಸಿದ್ದಾರೆ. ಮೊಣಕೈ ಬೆವರಿಗೆ ಬಣ್ಣ ತಿಂದುಹೋದ ಜಾಗ, ಸಿಗರೇಟು ಸುಟ್ಟ ಕಪ್ಪು ಚುಕ್ಕೆ, ಹಿಂದುಗಡೆ ಬೆಲ್ಟಿನ ಬಕಲ್ ಕೆರೆದ ಗೀರು. ಇಲ್ಲಿ ನಾನು ಒಂದು ಕಲೆ ಹೋಗಲಿ ಅಂತ ಬೆಳಗಿಂದ ಸಂಜೆವರೆಗೆ ಉಜ್ಜಿ ಸಾಯುತ್ತಿದ್ದರೆ, ಅಲ್ಲಿ ಕಲೆ ಹಾಕುವುದಕ್ಕೇ ಜನ ಇಟ್ಟಿದ್ದಾರೆ!

"ಇದೇನಿದು, ಭುಜದ ಮೇಲೆ ಇಲಿ ಕಡಿದ ಹಾಗಿದೆ?" ಎಂದೆ.

"ಇಲಿಯಲ್ಲ ಕಣೇ, ಅವರೇ." ವಿಡಿಯೋ ಹಾಕಿದರು. ಮುದುಕ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಕುತ್ತಿಗೆ ಬಗ್ಗಿಸಿ ಗಿಟಾರಿನ ಭುಜವನ್ನು ಕಚ್ಚಿಕೊಂಡೇ ಬಾರಿಸುತ್ತಿದ್ದಾನೆ. ತುಟಿಯ ಕೊನೆಯಲ್ಲಿ ಜೊಲ್ಲು ಮಿನುಗುತ್ತಿತ್ತು. ನಾನು ಮುಖ ತಿರುಗಿಸಿದೆ.

"ಥೂ!"

"ಥೂ ಅನ್ಬೇಡ. ಈಗ ಪೂರ್ತಿ ಕಿವಿ ಹೋಗಿದೆ ಪಾಪ. ಪಕ್ಕೇಲಿ ತೂತು ಕೊರೆಸಿದ್ದೂ ಸಾಲಲಿಲ್ಲ. ಹಲ್ಲಿಂದ ಕೇಳಿಸಿಕೊಳ್ತಾರೆ. ಮರ ಕಚ್ಚಿ ಹಿಡಿದರೆ ಸದ್ದು ಮೂಳೆಗೆ ಹತ್ತುತ್ತಂತೆ."

"ಕೇಳಿಸಿಕೊಳ್ಳಲಿ. ಆ ಎಂಜಲಿಗೂ ಅಚ್ಚು ಹಾಕಿ ಮಾರಬೇಕಾ? ನಿಮ್ಮ ಮಗಳ ವಾಂತಿ ಕೊಟ್ಟು ಮುದುಕನ ಜೊಲ್ಲು ತರೋದಾ?"

ಇವರು ನಕ್ಕರು. ಇವರ ನಗುವಿಗೆ ಏನೂ ಅಂಟುವುದಿಲ್ಲ. "ನೀನು ಮತ್ತೆ ಬಾರಿಸಬೇಕು ಅಷ್ಟೇ," ಎಂದು ಗೊರಕೆ ಹೊಡೆಯಲು ಹೋದರು. ಬಾಣಂತಿ ಮಂಕಾಗಿದ್ದಾಳೆ, ಕೈಗೊಂದು ಗಿಲಕಿ ಕೊಟ್ಟರೆ ಸುಮ್ಮನಾಗುತ್ತಾಳೆ ಅಂತ ಯಾರೋ ಬಸ್ಸಿನಲ್ಲಿ ಹೇಳಿಕೊಟ್ಟಿರಬೇಕು.

ಜೂನ್ 6, ಶುಕ್ರವಾರ

ತೂತಿಗೆ ಮೂಗಿಟ್ಟು ಮೂಸಿದೆ. ಇದೆ.

ಜೂನ್ 9, ಸೋಮವಾರ

ಮಗಳು ನಿದ್ದೆಯಲ್ಲಿ ದೇವತೆ, ಎಚ್ಚರವಿದ್ದಾಗ ಪಿಶಾಚಿ. ಬೆಳಗಿಂದ ಕಿರುಚಾಟ. ನಾನು ಅಡುಗೆಮನೆಯಿಂದಲೇ "ಬಂದೆ ಚಿನ್ನ, ಬಂದೆ" ಎಂದು ಕೂಗಿದರೆ ಇನ್ನೂ ಜೋರು. ಎದುರಿಗೆ ಹೋಗಿ ನಿಂತರೆ ಮಾತ್ರ ನಿಲ್ಲಿಸುತ್ತಾಳೆ. ಎತ್ತಿಕೊಂಡರೆ ನನ್ನ ಗಂಟಲಿಗೇ ಬಾಯಿ ಒತ್ತಿಕೊಂಡು ಜಿಗಣೆಯ ಹಾಗೆ ಅಂಟುತ್ತಾಳೆ. ಕುತ್ತಿಗೆಯೆಲ್ಲ ಲೋಳೆ. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡದ ಗತ್ತು ಬೇರೆ. ಅದು ಅವರಪ್ಪನ ಕಡೆಯದು.

ತಂತಿ ಹರಿದ ಗಿಟಾರನ್ನು ಅಂಗಡಿಯವರು ಮುಟ್ಟುವುದಿಲ್ಲವಂತೆ. ಇವರು ಹೊಸ ತಂತಿ ತಂದಿಟ್ಟಿದ್ದರು. ಮಧ್ಯಾಹ್ನ ಚಾಪೆ ಹಾಸಿ ಕೂತು, ಮೂಗಿಗೆ ಸೆರಗು ಕಟ್ಟಿಕೊಂಡು, ತಂತಿ ಹಾಕಿದೆ. ಶ್ರುತಿ ಮಾಡದೆ ಕೊಟ್ಟರೆ ಹೇಳಿಕೊಡುತ್ತಿದ್ದವಳ ಮರ್ಯಾದೆ ಹೋಗುತ್ತದಲ್ಲ, ಶ್ರುತಿ ಮಾಡಿದೆ. ಅಷ್ಟರಲ್ಲಿ ಕಿರುಚುತ್ತಲೇ ಅಂಬೆಗಾಲಿಟ್ಟು ಬಂದವಳು ಮೊಣಕಾಲೂರಿ ಎದ್ದು, ಎರಡು ಕೈಯಲ್ಲೂ ಗಿಟಾರಿನ ಅಂಚು ಹಿಡಿದು, ಭುಜಕ್ಕೆ ಬಾಯಿ ಹಾಕಿದಳು. ಕೆಳಗಿನ ಹೊಸ ಎರಡು ಹಲ್ಲು ಟಿಕ್ ಎಂದು ಮರಕ್ಕೆ ತಾಗಿದ್ದು ನನಗೇ ಕೇಳಿಸಿತು.

"ಛೀ, ಬಿಡು, ವಿಷ!" ಎಂದು ಎಳೆದೆ. ಲಬೋ ಲಬೋ. ಬಿಟ್ಟೆ. ತಂತಿ ಮೀಟಿ ಶ್ರುತಿ ನೋಡಿದೆ. ಮತ್ತೆ ಕಚ್ಚಿದಳು. ಸುಮ್ಮನಾದಳು.

ಅಕ್ಕನಿಗೆ ಫೋನ್ ಮಾಡಿದೆ. ಗಿಟಾರಿನ ಪಾಲಿಶ್ ಹೊಟ್ಟೆಗೆ ಹೋದರೆ ಏನಾಗುತ್ತೆ ಅಂತ.

"ಏನೂ ಆಗಲ್ಲ. ನನ್ನ ದೊಡ್ಡವನು ಚಪ್ಪಲಿ ತಿಂದು ದೊಡ್ಡವನಾದ."

"ನಿನಗೆ ಎಲ್ಲಾ ತಮಾಷೆ. ಅದರೊಳಗೆ ಹುಳಿತ ಹಾಲಿದೆ ಅಕ್ಕ, ಹುಳ ಆಗಿರುತ್ತೆ."

"ನಿನ್ನ ತಲೇಲಿ ಆಗಿದೆ ಹುಳ. ಹಿಂದೆ ಏನದು ಸದ್ದು, ಕಿವಿ ಕಿತ್ತು ಹೋಗ್ತಿದೆ?"

"ಮೇಲಿನ ಮನೇಲಿ ಗೋಡೆ ಕೊರೀತಿದಾರೆ, ಬೆಳಗ್ಗೆ ಅವಳು ಮಲಗಿದಾಗಿಂದ."

"ಅದರಲ್ಲೂ ಮಲಗಿದ್ಲಾ? ನನ್ನವು ಎರಡೂ ಫ್ಯಾನಿನ ಸದ್ದಿಗೆ ಏಳ್ತಿದ್ವು. ನೀನು ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ಯೋ."

ಪುಣ್ಯ ಹೀಗಿರುತ್ತದೆ ಅಂತ ಗೊತ್ತಿದ್ದರೆ ಪಾಪ ಮಾಡುತ್ತಿದ್ದೆ.

ಜೂನ್ 11, ಬುಧವಾರ

ನಿನ್ನೆಯೂ ಕಚ್ಚಿದಳು, ಇವತ್ತೂ. ಮೂಡಿದ ಹಲ್ಲಿನ ಗುರುತಿಗೆ ಸೋಪುನೀರು ಹಚ್ಚಿ, ಬಿಸಿನೀರಿನಲ್ಲಿ ಒರೆಸಿ, ಬೇರೆ ಬಟ್ಟೆಯಲ್ಲಿ ಒಣಗಿಸಿ ಕೊಡುತ್ತಿದ್ದೇನೆ. ಕೊಡುವುದೇನು, ಕಚ್ಚಿಸುವುದು. ಬಾರಿಸುವುದು ನಿಲ್ಲಿಸಿದರೆ ಬಾಯಿ ತೆಗೆದು ನನ್ನ ಮುಖ ನೋಡುತ್ತಾಳೆ. ಮತ್ತೆ ಶುರು ಮಾಡಿದರೆ ಮತ್ತೆ ಕಚ್ಚುತ್ತಾಳೆ. ಅವಳ ಬಾಯಿ ಮುಚ್ಚಿಸುವುದಕ್ಕೆ ಬಾರಿಸಿದ್ದು, ಅಷ್ಟೇ, ಬೇರೇನೂ ಅಲ್ಲ. ಒಂದು ಪಾಠದ ನಡೆಯನ್ನು ಎರಡು ಸಲ ತಪ್ಪಿ ಮೂರನೇ ಸಲ ಸರಿ ಮಾಡಿದೆ. ಬೆರಳ ತುದಿಗಳು ಉರಿಯುತ್ತಿವೆ. ಅವಳ ಜೊಲ್ಲು ಅಂಚಿನಿಂದ ಇಳಿದು ನನ್ನ ಮುಂಗೈಗೆ ಬಂತು, ಬೆಚ್ಚಗೆ. ಬಸವನಹುಳು ಹರಿದ ಹಾಗೆ. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಇವರಿಗೆ ಗುರುತು ತೋರಿಸಿದರೆ ಖುಷಿಯೋ ಖುಷಿ. "ಶಹಬ್ಬಾಸ್ ನನ್ನ ಇಲಿಮರಿ!" ಅಂತ ಅವಳನ್ನು ಮೇಲಕ್ಕೆ ಎಸೆದು ಹಿಡಿದರು. ಕುಡಿದ ಹಾಲು ಅವರ ಖಾಕಿ ಅಂಗಿಯ ಮೇಲೆ ಬಂತು. ಚೆನ್ನಾಗಿ ಆಯ್ತು.

ಜೂನ್ 14, ಶನಿವಾರ

ಇವರಿಗೆ ಮಂಗಳವಾರದವರೆಗೆ ರಜೆ. ಅಂಗಡಿಗೆ ಹೋಗಿದ್ದೆವು. ಬೇಡ ಎಂದು ಹೇಳಿ ಬರುವುದಕ್ಕೇ ಹೋದದ್ದು.

ಏಸಿ ಹಾಕಿ ಬಾಗಿಲು ಮುಚ್ಚಿದ, ಪಾಲಿಶ್ ವಾಸನೆಯ ಅಂಗಡಿ. ಅಂಗಡಿಯವರು ಬೆರಳಿಗೊಂದು ಉಂಗುರ ಹಾಕಿಕೊಂಡು, ಮಾತಿಗೊಂದು ಮೇಡಂ ಸೇರಿಸುವವರು. ಗೋಡೆಯ ಮೇಲೆ ಮಹಾನುಭಾವನ ಗಿಟಾರುಗಳು ಎರಡು ಅಕ್ಕಪಕ್ಕ ನೇತಾಡುತ್ತಿದ್ದವು. ಎರಡಕ್ಕೂ ಒಂದೇ ಜಾಗದಲ್ಲಿ ಸಿಗರೇಟಿನ ಚುಕ್ಕೆ. ಎರಡಕ್ಕೂ ಭುಜದಲ್ಲಿ ಅದೇ ಕಚ್ಚು, ಅಷ್ಟೇ ಆಳ, ಅದೇ ಸೊಟ್ಟ. ಒಂದೇ ಗಾಯ ಇಬ್ಬರ ಮೈಮೇಲೆ ಕಂಡ ಹಾಗಾಯಿತು. ಮುಟ್ಟಿ ನೋಡಿದೆ. ಕಚ್ಚಿನ ಮೇಲೂ ದಪ್ಪಗೆ ಪಾಲಿಶ್ ಕೂತಿದೆ, ಪ್ಲಾಸ್ಟಿಕ್ ಹಾಗೆ ನುಣ್ಣಗೆ.

"ಇದು ಅಳಿಸಿ ಹೋಗಬಾರದಲ್ಲ ಮೇಡಂ, ಅದಕ್ಕೆ ಮೇಲೆ ಕೋಟಿಂಗ್. ಲೈಫ್‌ಲಾಂಗ್ ಗ್ಯಾರಂಟಿ," ಎಂದರು ಅಂಗಡಿಯವರು.

"ಕೊಳೆಗೆ ಗ್ಯಾರಂಟಿ ಕೊಡೋದನ್ನ ಇವತ್ತೇ ನೋಡಿದ್ದು."

"ಹಹ್ಹಹ್ಹಾ. ಮೇಡಂ ಒಳ್ಳೆ ಜೋಕು. ಒಂದು ಸಲ ಕೂತು ಬಾರಿಸಿ. ಬೇಡ ಅಂದರೆ ಬೇಡ."

ಕೂತೆ. ಮಗು ಇವರ ಕೈಯಲ್ಲಿತ್ತು. ಒಂದೇ ಒಂದು ಮೀಟು. ಪಕ್ಕೆಯ ತೂತಿನಿಂದ ಸದ್ದು ನೇರವಾಗಿ ನನ್ನ ಮುಖಕ್ಕೆ ಎದ್ದು ಬಂತು. ಇಷ್ಟು ದಿನ ನಾನು ಬಾರಿಸಿದ್ದೆಲ್ಲ ಎದುರು ಕೂತವರಿಗೆ ಹೋಗುತ್ತಿತ್ತು. ಮೊದಲ ಸಲ ನನ್ನದು ನನಗೆ ಬಂತು. ಪಿಸುಮಾತಿನಷ್ಟು ಮೆಲ್ಲಗೆ ಬೆರಳಾಡಿಸಿದರೂ ಎಲ್ಲವೂ ಕೇಳುತ್ತದೆ. ರಾತ್ರಿ ಯಾರನ್ನೂ ಎಬ್ಬಿಸದೆ ಬಾರಿಸಬಹುದು ಎಂಬ ಯೋಚನೆ ಬಂದದ್ದೇ ಕಣ್ಣು ತುಂಬಿತು. ಮುದುಕನ ಸುಳ್ಳು ಬೆವರಿನ ಮೇಲೆ ನನ್ನ ಮೊಣಕೈ ಇಟ್ಟುಕೊಂಡು ಅಳುತ್ತಿದ್ದೇನೆ, ಅದೂ ಅಂಗಡಿಯಲ್ಲಿ! ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು. ಇವರು ಮಾತ್ರ ನನ್ನನ್ನು ಹೊಸದಾಗಿ ನೋಡುತ್ತಿರುವವರ ಹಾಗೆ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಅಂಗಡಿಯವರು ಗಿರಾಕಿ ಸಿಕ್ಕಿಬಿದ್ದದ್ದು ಕಂಡ ಕೂಡಲೇ, ಇವರು ಹಟಕ್ಕೆ ಹೊತ್ತು ತಂದಿದ್ದ ನನ್ನ ಹಳೆಯದನ್ನು ತಿರುವಿ ತಿರುವಿ ನೋಡಿದರು. "ಇದೇನು, ಹೆಗ್ಗಣ ಕಡಿದಿದೆ?"

"ಇಲಿಮರಿ," ಎಂದರು ಇವರು ಹೆಮ್ಮೆಯಿಂದ.

"ಪರವಾಗಿಲ್ಲ ಬಿಡಿ. ನಿಮ್ಮ ಬಸ್ಸು ಹೋಗೋ ಊರಲ್ಲೇ ನಮ್ಮ ವರ್ಕ್‌ಶಾಪ್ ಇದೆ, ಮಾಲು ಬಂದ ಕೂಡಲೇ ಅಂಚೆಲ್ಲ ಉಜ್ಜಿ ತೆಗೆದು, ಮೇಲ್ಹಲಗೆ ಬಿಚ್ಚಿ ಕ್ಲೀನ್ ಮಾಡ್ತಾರೆ. ಹಲ್ಲು ಗಿಲ್ಲು ಏನೂ ಉಳಿಯಲ್ಲ. ಈಗ ಹೊಸದನ್ನ ಮನೆಗೆ ತಗೊಂಡು ಹೋಗಿ, ಒಪ್ಪಿಗೆಯಾದರೆ ಹಳೇದನ್ನ ಕಳಿಸಿ. ಹೇಗೂ ನೀವು ಆ ರೂಟಲ್ಲೇ ಹೋಗ್ತೀರಲ್ಲ ಸಾರ್, ಬಸ್ಸಲ್ಲೇ ಹಾಕ್ಕೊಂಡು ಹೋಗಿ ಕೊಟ್ಟುಬಿಡಿ."

ಕೊಳ್ಳುವವರ ಕೈಯಲ್ಲೇ ಕೂಲಿ ಮಾಡಿಸುವ ಜಾಣ. ಇವರು ಅದಕ್ಕೂ ತಲೆಯಾಡಿಸಿದರು.

ಜೂನ್ 16, ಸೋಮವಾರ

ಬಾರಿಸಿದೆ. ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾದಮೇಲೆ ಮೂಗಿಗೆ ಬಡಿಯಿತು. ಮೂಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.

ಮಗು ಎದ್ದಮೇಲೆ ಮಾತ್ರ ನರಕ. ಹೊಸ ಗಿಟಾರನ್ನು ಅವಳಿಗೆ ಮುಟ್ಟಿಸುವಂತಿಲ್ಲ. "ಇಲಿಮರಿ ಬಾಯಿ ಹಾಕಿದರೆ ಆಮೇಲೆ ವಾಪಸ್ ತಗೊಳ್ಳಲ್ಲ ಅಂತಾರೆ," ಎಂದರು ಇವರು.

"ಹಾಕಿದರೇನು? ಆಗಲೇ ಇರೋ ಗಾಯದಲ್ಲಿ ಇದೊಂದು ಹೆಚ್ಚಾ?"

"ಅದು ಅವರದು ಕಣೇ."

"ಹೌದು, ಅವರ ಜೊಲ್ಲು ತೀರ್ಥ, ನಮ್ಮ ಮಗೂದು ಹೊಲಸು."

ಹೇಳಿದ್ದು ನಾನೇ, ಆದರೂ ಮಗುವನ್ನು ದೂರ ಎತ್ತಿ ಕೂರಿಸಿದ್ದೂ ನಾನೇ. ಗಿಲಕಿ ಅಲ್ಲಾಡಿಸಿದೆ, ನೋಡಲಿಲ್ಲ. ಹಾಡಿದೆ, ಕಿರುಚಿದಳು. ಹಳೆಯ ಗಿಟಾರ್ ನೇತುಹಾಕಿದ ಗೋಡೆಯ ಕಡೆಗೇ ಕೈ ಚಾಚುತ್ತಿದ್ದಳು. ಹಟಮಾರಿ. ಮುಖವೆಲ್ಲ ಸಿಂಬಳ. ಒಂದು ಕ್ಷಣ ಆ ಮುಖ ನೋಡುವುದಕ್ಕೇ ಮನಸ್ಸಾಗಲಿಲ್ಲ.

ಕೊಂಡುಕೊಳ್ಳೋಣ. ನಿರ್ಧಾರ ಮಾಡಿಯಾಯಿತು. ನನಗೂ ಒಂದು ಏನಾದರೂ ಬೇಡವೇ, ಯಾರೂ ಕಕ್ಕದ್ದು, ಯಾರೂ ಉಚ್ಚೆ ಹೊಯ್ಯದ್ದು?

ಜೂನ್ 17, ಮಂಗಳವಾರ

ಸಂಜೆ ಇವರು ಹೊರಡುವಾಗ ಹಳೆಯ ಗಿಟಾರನ್ನು ಚೀಲಕ್ಕೆ ತುಂಬಿ ಕೊಟ್ಟೆ. "ನಿಜವಾಗ್ಲೂ ಕೊಡಲಾ?" ಎಂದು ಎರಡು ಸಲ ಕೇಳಿದರು. ಬಾಗಿಲಲ್ಲಿ ನಿಂತು ಮೂರನೇ ಸಲ ಬಾಯಿ ತೆರೆದಾಗ, "ತಗೊಂಡು ಹೋಗಿ ಅಂದ್ನಲ್ಲ! ಪೀಡೆ ತೊಲಗಲಿ," ಎಂದೆ. ಬೆಳಗ್ಗೆ ಬಸ್ಸು ಇಳಿದವರೇ ವರ್ಕ್‌ಶಾಪಿಗೆ ಕೊಟ್ಟು ಬರುತ್ತಾರೆ. ಗೋಡೆಯಲ್ಲಿ ಮೊಳೆ ಉಳಿದಿದೆ, ಅದರ ಸುತ್ತ ಗಿಟಾರಿನಾಕಾರದ ಬಿಳಿ ಗುರುತು. ಒರೆಸಿದರೂ ಹೋಗುತ್ತಿಲ್ಲ.

ಅದೇ ರಾತ್ರಿ

ಆದದ್ದು ಆದ ಹಾಗೆ ಬರೆಯಬೇಕು.

ಇವರು ಹೋದಮೇಲೆ ಮಗು ಮೊಳೆಯ ಕೆಳಗೆ ಹೋಗಿ ಕೂತು, ಮೇಲೆ ನೋಡಿ, ಅತ್ತಳು. ಗಂಟೆಗಟ್ಟಲೆ. ಕೊನೆಗೆ ಸೋತು ಹೊಸ ಗಿಟಾರನ್ನೇ ತೆಗೆದುಕೊಂಡು ಚಾಪೆಯ ಮೇಲೆ ಕೂತೆ. ಕಚ್ಚಿಕೋ ತಾಯಿ, ಕಂಪನಿಯೇ ಮುಳುಗಲಿ ಎಂದೆ. ತೆವಳಿಕೊಂಡು ಬಂದಳು. ಅಂಚು ಹಿಡಿದಳು. ಭುಜದ ಮೇಲೆ ಮುದುಕನ ಕಚ್ಚು ಇರುವ ಜಾಗಕ್ಕೇ ಸರಿಯಾಗಿ ಬಾಯಿ ಇಟ್ಟಳು. ನಾನು ಬಾರಿಸಿದೆ. ಅವಳು ಕಾದಳು. ನುಣ್ಣನೆಯ ಪಾಲಿಶಿನ ಮೇಲೆ ಹಲ್ಲು ಜಾರಿತು, ಮತ್ತೆ ಇಟ್ಟಳು, ಮತ್ತೆ ಕಾದಳು. ನನ್ನ ಕಿವಿಗೆ ಮಾತ್ರ ಸದ್ದು ಧಾರಾಳವಾಗಿ ಸುರಿಯುತ್ತಿತ್ತು. ಅವಳು ಬಾಯಿ ತೆಗೆದು ನನ್ನ ಬೆರಳುಗಳನ್ನು ನೋಡಿದಳು, ಆಮೇಲೆ ನನ್ನ ಮುಖ. ಯಾಕೆ ಕೊಡುತ್ತಿಲ್ಲ ಎಂದು ಕೇಳುವ ಹಾಗೆ. ಅಂಗೈಯಿಂದ ಗಿಟಾರಿಗೆ ಹೊಡೆದು ಬಿಕ್ಕಿಬಿಕ್ಕಿ ಅತ್ತಳು.

ಎತ್ತಿಕೊಂಡೆ. ಏನೂ ತೋಚದೆ ಅದೇ ಪಾಠದ ನಡೆಯನ್ನು ಗುನುಗಿದೆ. ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಬಾಯಿ ಅಗಲಿಸಿ, ನನ್ನ ದವಡೆಯ ಮೂಳೆಗೆ ಹಲ್ಲೂರಿದಳು. ಕಣ್ಣು ಮುಚ್ಚಿದಳು. ಸುಮ್ಮನಾದಳು.

ಆ ಮುಚ್ಚಿದ ಕಣ್ಣನ್ನು ನಾನು ಮೊದಲು ನೋಡಿದ್ದೆ, ಇವರ ಫೋನಿನಲ್ಲಿ. ಕುತ್ತಿಗೆ ಬಗ್ಗಿಸಿ, ತುಟಿಯ ಕೊನೆಯಲ್ಲಿ ಜೊಲ್ಲು ಸುರಿಸಿಕೊಂಡು. ನಾನು ಥೂ ಎಂದಿದ್ದೆ.

ಗುನುಗುವುದು ನಿಲ್ಲಿಸಿದೆ. ಕಣ್ಣು ಬಿಟ್ಟಳು. ಗುನುಗಿದೆ. ಮುಚ್ಚಿದಳು.

ಅವಳನ್ನು ಚಾಪೆಯ ಮೇಲೆ ಕೂರಿಸಿ, ಕೈಗೊಂದು ಚಮಚ ಕೊಟ್ಟು, ನೆಲ ಅದುರದಿರಲಿ ಅಂತ ಹಾಸಿಗೆಯನ್ನು ಎಳೆದು ಅವಳ ಹಿಂದುಗಡೆ ಹಾಸಿ, ಅದರ ಮೇಲೆ ನಿಂತು, ಸ್ಟೀಲಿನ ಎರಡು ಮುಚ್ಚಳ ಒಂದಕ್ಕೊಂದು ಬಡಿದೆ. ಠಣಾರ್ ಎಂದಿತು. ನಾನೇ ಬೆಚ್ಚಿದೆ. ಮೇಲಿನ ಮನೆಯವರು ಯಾರೋ ಬೈದರು. ಅವಳು ಚಮಚ ನೆಕ್ಕುತ್ತಿದ್ದಳು. ಮತ್ತೆ ಬಡಿದೆ, ಕಿವಿಯ ಹತ್ತಿರಕ್ಕೆ ತಂದು. ಹೆಸರು ಹಿಡಿದು ಕೂಗಿದೆ. ಇಲಿಮರೀ ಎಂದು ಕೂಗಿದೆ. ಚಮಚ. ಹಾಸಿಗೆಯಿಂದ ಇಳಿದು ಕಾಲಿನಿಂದ ನೆಲ ಒದ್ದೆ. ಥಟ್ಟನೆ ತಿರುಗಿ, ನನ್ನನ್ನು ಕಂಡು, ಎರಡೂ ಹಲ್ಲು ತೋರಿಸಿ ನಕ್ಕಳು.

ಉಸಿರು ನೋಡಿದೆ, ಹಾಲು ಮೂಸಿದೆ, ಪಾಲಿಶ್ ವಿಷವೇ ಎಂದು ಊರೆಲ್ಲ ಕೇಳಿದೆ. ತಂತಿ ಹರಿದ ರಾತ್ರಿ ಪುಣ್ಯವಂತೆ ಎಂದು ಬರೆದೆ. ಈ ಪುಟಗಳನ್ನು ತಿರುಗಿಸಿದರೆ ನನ್ನ ಅಕ್ಷರವೇ ಹೇಸಿಗೆ ಹುಟ್ಟಿಸುತ್ತದೆ.

ರೀ, ಹತ್ತು ಸಲ ಫೋನ್ ಮಾಡಿದೆ. ಸ್ಟೇರಿಂಗ್ ಹಿಡಿದಾಗ ನಿಮ್ಮ ಫೋನು ಬ್ಯಾಗಿನಲ್ಲಿರುತ್ತೆ ಅಂತ ಗೊತ್ತು. ಟೀಗೆ ನಿಲ್ಲಿಸಿದಾಗ ನೋಡ್ತೀರಲ್ಲ. ಹೇಗೆ ಹೇಳೋದು ಗೊತ್ತಾಗದೆ ಈ ಪುಟಗಳ ಫೋಟೋ ತೆಗೆದು ನಿಮಗೇ ಕಳಿಸ್ತಿದೀನಿ, ಮೊದಲಿಂದ. ಕಾಲುಚೀಲದ ಬಗ್ಗೆ ಬರೆದಿದ್ದನ್ನ ಓದಿ ಬೇಜಾರು ಮಾಡ್ಕೋಬೇಡಿ. ಗಿಟಾರ್ ಕೊಡಬೇಡಿ ರೀ. ಅವರು ಉಜ್ಜಿಬಿಡ್ತಾರೆ, ಮೇಲ್ಹಲಗೆ ಬಿಚ್ಚಿಬಿಡ್ತಾರೆ. ಹೊಸದರ ದಪ್ಪ ಪಾಲಿಶಿನಲ್ಲಿ ಅವಳ ಹಲ್ಲಿಗೆ ಸದ್ದು ಹತ್ತಲ್ಲ, ಅವಳಿಗೆ ಕೇಳೋದು ಅದೊಂದರಲ್ಲೇ. ಹೊಸದನ್ನ ನಾನೇ ವಾಪಸ್ ಕೊಟ್ಟು ಬರ್ತೀನಿ, ಅಂಗಡಿಯವರು ಏನು ಬೇಕಾದ್ರೂ ಅನ್ಲಿ. ನಾಳೆ ಡಾಕ್ಟರ ಹತ್ತಿರ ಹೋಗಬೇಕು, ಜ್ವರದಿಂದ ಆಗಿದ್ದಾ, ಸರಿ ಹೋಗುತ್ತಾ ಅಂತ ಕೇಳಬೇಕು. ಒಬ್ಬಳೇ ಕೇಳೋಕೆ ನನಗೆ ಧೈರ್ಯ ಇಲ್ಲ.

ವಾಸನೆ ಇರಲಿ. ನಿಮ್ಮ ಸೀಟಿನ ಪಕ್ಕದಲ್ಲೇ ಇಟ್ಕೊಂಡು ವಾಪಸ್ ತನ್ನಿ.

ಓದಿದ ತಕ್ಷಣ ಫೋನ್ ಮಾಡಿ. ಎಷ್ಟೊತ್ತಾದರೂ ಸರಿ, ಬೆಳಗಾಗೋದರೊಳಗೆ ಮಾಡಿ. ರಿಂಗ್ ಜೋರಾಗೇ ಇಟ್ಟಿದೀನಿ. ಮಗು ಏಳುತ್ತೆ ಅಂತ ಯೋಚನೆ ಮಾಡಬೇಡಿ, ಮಾಡಿ ರೀ, ದಯವಿಟ್ಟು.